ನನ್ನ ತಮ್ಮ ಡ್ಯಾಕ್ ಆರಿಸಿದ್ದು

ನನ್ನ ತಮ್ಮನಿಗೆ ಹುಚ್ಚು ಹಿಡಿದಿದೆ ಎಂದು ಅರಸೀಕೆರೆಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಹುಚ್ಚಿಗೆ ಅಮಾವಾಸ್ಯೆ, ಹುಣ್ಣಿಮೆ ಅಂತ ಒಂದು ಲೆಕ್ಕವಿರುತ್ತದೆ, ನಡುವೆ ನಾಲ್ಕು ದಿನ ಬಿಡುವಿರುತ್ತದೆ. ಇವನಿಗೆ ಬಿಡುವೇ ಇಲ್ಲ!

ಅರವತ್ತು ದಾಟಿದ ಮನುಷ್ಯ. ಕೊಬ್ಬರಿ ವ್ಯಾಪಾರ. ತಲೆ ತುಂಬ ನರೆ, ಬಾಯಿ ತುಂಬ ಮಾತು. ಹೆಸರು ಹೇಳುವುದಿಲ್ಲ, ಹೇಳಿದರೆ ಇದನ್ನು ಓದಿ ಜಗಳಕ್ಕೆ ಬರುತ್ತಾನೆ. ನಾನು ಅವನ ಅಕ್ಕ, ಮೊಮ್ಮಕ್ಕಳನ್ನು ಎತ್ತಿ ಆಡಿಸಿದವಳು, ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಅವನ ಮನೆಯಿಂದ ಎರಡು ಮನೆ ಆಚೆಗೆ ನಮ್ಮ ಮನೆ. ಅಲ್ಲಿ ನಡೆಯುವುದೆಲ್ಲ ನನಗೆ ಇಲ್ಲಿಂದಲೇ ಕಾಣುತ್ತದೆ. ಕಾಣದಿದ್ದರೆ ಎದ್ದು ಹೋಗಿ ನೋಡಿ ಬರುತ್ತೇನೆ, ಅದರಲ್ಲೇನು ನಾಚಿಕೆ?

ನಾನು ಹೇಳಹೊರಟಿದ್ದು ಡ್ಯಾಕ್ ಎನ್ನುವ ಡಬ್ಬಿಯ ವಿಷಯ. ಆದರೆ ಅದು ಶುರುವಾದದ್ದು ಕುಕ್ಕರಿನಿಂದ.

ತಮ್ಮನ ಹೆಂಡತಿ ಒಲೆಯ ಮೇಲೆ ಕುಕ್ಕರ್ ಇಟ್ಟರೆ ಅದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುತ್ತಿತ್ತು. ಅವಳು ಮಾತ್ರ ಜಗಲಿಯಲ್ಲಿ ಕೂತು ನೆಮ್ಮದಿಯಾಗಿ ಸೊಪ್ಪು ಬಿಡಿಸುತ್ತಿದ್ದಳು. ಬೇಳೆ ಕರಗಿ, ನೀರು ಆರಿ, ತಳ ಸೀದು, ಇವತ್ತು ಅವರ ಮನೆಯಲ್ಲಿ ಏನು ಸಾರು ಎಂದು ಬೀದಿಗೆಲ್ಲ ವಾಸನೆಯಿಂದಲೇ ತಿಳಿಯುತ್ತಿತ್ತು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ.

"ಲೋ, ನಿನ್ನ ಹೆಂಡ್ತಿಗೆ ಕಿವಿ ಕೇಳಿಸ್ತಿಲ್ಲ ಕಣೋ. ಡಾಕ್ಟ್ರಿಗೆ ತೋರ್ಸು," ಎಂದೆ.

ಅವನ ಮೂಗಿನ ತುದಿ ಕೆಂಪಾಯಿತು. "ಅವಳ ಕಿವಿಗೇನಾಗೈತೆ ಅಕ್ಕಯ್ಯ? ಕುಕ್ಕರ್ ವಿಷಲ್ಲೇ ಸರಿಯಾಗಿ ಕೂಗ್ತಿಲ್ಲ!"

ಮಾರನೆಯ ದಿನ ಹೊಸ ಕುಕ್ಕರ್ ಬಂತು.

ಬಾಗಿಲು ತಟ್ಟಿದ್ದು ಅವಳಿಗೆ ಕೇಳಿಸಲಿಲ್ಲ ಎಂದು ಹೊಸ ಕಾಲಿಂಗ್ ಬೆಲ್ ಬಂತು. ಅದನ್ನು ಒತ್ತಿದರೆ ಎದುರು ಮನೆಯವರು ಬಾಗಿಲು ತೆಗೆಯುತ್ತಾರೆ, ಪಕ್ಕದ ಮನೆಯವರು ತೆಗೆಯುತ್ತಾರೆ, ನಾನೂ ತೆಗೆಯುತ್ತೇನೆ. ಅವಳೊಬ್ಬಳು ತೆಗೆಯುವುದಿಲ್ಲ! ಆಮೇಲೆ ಫೋನು ಬದಲಾಯಿತು, ಟೀವಿ ಬದಲಾಯಿತು. ಆ ಮನೆಯಲ್ಲಿ ಸದ್ದು ಮಾಡುವ ಸಾಮಾನುಗಳೆಲ್ಲ ಒಂದೊಂದಾಗಿ ಅಪರಾಧಿಗಳಾಗಿ ಹೊರಗೆ ಹೋದವು. ಹಳೆಯದು ಅಂತ ಉಳಿದದ್ದು ಹೆಂಡತಿಯೊಬ್ಬಳೇ!

ಕೊನೆಗೆ ಸರದಿ ಹಾಡಿನ ಪೆಟ್ಟಿಗೆಗೆ ಬಂತು. ಇದು ದೊಡ್ಡ ವಿಷಯ. ಯಾಕೆಂದರೆ ಮಧ್ಯಾಹ್ನ ಊಟವಾದ ಮೇಲೆ ಗಂಡ ಹೆಂಡತಿ ಇಬ್ಬರೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತು ಹಾಡು ಕೇಳುವುದು ಮದುವೆಯಾದಾಗಿನಿಂದ ನಡೆದುಬಂದದ್ದು. ಕೇಳುವುದು ಎಂದರೆ ಸುಮ್ಮನೆ ಕೇಳುವುದಲ್ಲ, ಕೇಳುತ್ತಾ ಜಗಳವಾಡುವುದು. ಪಲ್ಲವಿ ಮುಗಿದ ಮೇಲೆ ಬರುವುದು ಕೊಳಲೋ ಪಿಟೀಲೋ, ಸಿನಿಮಾದಲ್ಲಿ ಹಾಡುವ ಅಕ್ಕತಂಗಿಯರಲ್ಲಿ ಇದನ್ನು ಹಾಡಿದವಳು ಅಕ್ಕನೋ ತಂಗಿಯೋ, ಹೀಗೆ. ಅವಳೇ ಗೆಲ್ಲುತ್ತಿದ್ದಳು. ಇವನು ಸೋತು, ಮುಖ ಊದಿಸಿಕೊಂಡು, ನನ್ನ ಹತ್ತಿರ ಬಂದು ದೂರು ಹೇಳುತ್ತಿದ್ದ. ಬೇರೆಯವರ ಮನೆಯಲ್ಲಿ ಗಂಡ ಹೆಂಡತಿ ಹೂವು ತಂದು ಮುಡಿಸಿ ಪ್ರೀತಿ ತೋರಿಸುತ್ತಾರಂತೆ. ಇವರದು ಪಿಟೀಲಿನ ಜಗಳ!

ಒಂದು ದಿನ ಅವಳು ಕುರ್ಚಿಯಿಂದ ಎದ್ದಳು. "ನೀವೇ ಕೇಳ್ರಿ. ನಂಗೆ ಎಲ್ಲಾ ಗಜಿಬಿಜಿ ಅನ್ಸುತ್ತೆ," ಎಂದು ಅಡುಗೆಮನೆಗೆ ಹೋದವಳು ಮತ್ತೆ ಆ ಕುರ್ಚಿಗೆ ಬರಲಿಲ್ಲ.

ಗಜಿಬಿಜಿ ಎಂದರೆ ಯಾರ ತಪ್ಪು? ನನ್ನ ತಮ್ಮನ ಪ್ರಕಾರ ಪೆಟ್ಟಿಗೆಯದೇ! ಸ್ಪೀಕರು ಬದಲಾಯಿಸಿದ. ಹೊಸವು ಎಷ್ಟು ದೊಡ್ಡವೆಂದರೆ ಒಂದೊಂದರೊಳಗೂ ಒಂದೊಂದು ಮೂಟೆ ರಾಗಿ ಸುರಿಯಬಹುದು. ಆಂಪ್ಲಿಫೈಯರ್ ಬದಲಾಯಿಸಿದ. ಬಾವಿ ಹಗ್ಗದಷ್ಟು ದಪ್ಪದ ವೈರು ತಂದ. ಗಜಿಬಿಜಿ ಹೋಗಲಿಲ್ಲ. ಅವಳು ಮತ್ತೆ ಬಂದು ಪಕ್ಕದಲ್ಲಿ ಕೂತು ತನ್ನನ್ನು ಸೋಲಿಸಬೇಕು, ಅವನಿಗೆ ಬೇಕಾದದ್ದು ಅಷ್ಟೇ. ಅದಕ್ಕಾಗಿ ಮನೆಯ ಹೆಂಚು ಬೇಕಾದರೂ ಇಳಿಸಿ ಮತ್ತೆ ಹೊದಿಸುತ್ತಾನೆ. ಆದರೆ ಕಿವಿ ಎಂಬ ಎರಡಕ್ಷರ ಮಾತ್ರ ಅವನ ಬಾಯಲ್ಲಿ ಬರುವುದಿಲ್ಲ!

ಒಂದು ಬೆಳಿಗ್ಗೆ ಕಣ್ಣು ಅರಳಿಸಿಕೊಂಡು ಬಂದ. "ಅಕ್ಕಯ್ಯ, ಸಿಕ್ಬಿಡ್ತು! ತಪ್ಪು ಡ್ಯಾಕಿಂದು!"

"ಅದ್ಯಾರೋ ಡ್ಯಾಕು?"

"ಯಾರಲ್ಲ, ಏನು ಅನ್ನು. ನೋಡು, ಫೋನಿನೊಳ್ಗೆ ಹಾಡು ಹಾಡಾಗಿ ಇರಲ್ಲ. ಸೊನ್ನೆ, ಒಂದು, ಸೊನ್ನೆ, ಒಂದು, ಹಿಂಗೆ ಬರೀ ಅಂಕಿಯಾಗಿ ಇರ್ತದೆ. ಆ ಅಂಕಿ ತಗಂಡು ತಿರ್ಗಾ ಹಾಡು ಮಾಡಿ ಸ್ಪೀಕರಿಗೆ ಕೊಡೋ ಡಬ್ಬಿನೇ ಡ್ಯಾಕು. ಅದು ಕಳಪೆ ಆದ್ರೆ ಮುಗೀತು, ಎಲ್ಲಾ ಗಜಿಬಿಜಿ!"

ನಾನು ಯೋಚಿಸಿದೆ. "ಅಂದ್ರೆ ಹಾಡ್ನ ಒಣಗಿಸಿ ಸಂಡಿಗೆ ಮಾಡಿ ಫೋನಲ್ಲಿ ಇಟ್ಟಿರ್ತಾರೆ. ಈ ಡಬ್ಬಿ ಎಣ್ಣೆ ಬಾಣಲಿ. ಹಾಕಿದ್ರೆ ಅರಳ್ತದೆ. ಅಷ್ಟೇ ತಾನೆ?"

ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ಆ ವಾರವೆಲ್ಲ ಕೊಬ್ಬರಿ ಮಂಡಿಯಲ್ಲಿ ಸಿಕ್ಕಸಿಕ್ಕವರಿಗೆ ಸಂಡಿಗೆಯ ಕಥೆ ಹೇಳಿಕೊಂಡು ತಿರುಗಿದ. ಕೊಬ್ಬರಿ ಮಾರಲು ಬಂದ ಜಾವಗಲ್ಲಿನ ರೈತರೊಬ್ಬರು ನನ್ನ ಸೊಸೆಯ ಹತ್ತಿರ, "ಯಜಮಾನ್ರು ಕೊಬ್ಬರಿ ಬಿಟ್ಟು ಸಂಡಿಗೆ ವ್ಯಾಪಾರಕ್ಕೆ ಇಳಿದವ್ರಾ?" ಎಂದು ಕೇಳಿದರಂತೆ.

ಇನ್ನು ಡ್ಯಾಕ್ ಆರಿಸುವ ಕೆಲಸ. ಎಮ್ಮೆ ಆರಿಸಬಹುದು, ಸೊಸೆಯನ್ನು ಆರಿಸಬಹುದು, ಡ್ಯಾಕ್ ಆರಿಸುವುದು ಮಾತ್ರ ಯಾರಿಗೂ ಬೇಡ! ಫೋನಿನಲ್ಲಿ ಯಾರ್ಯಾರೋ ಗಡ್ಡದವರು ಡಬ್ಬಿ ಹಿಡಿದುಕೊಂಡು ಮಾತಾಡುವ ವೀಡಿಯೋಗಳನ್ನು ಹಗಲೆಲ್ಲ ನೋಡುತ್ತಿದ್ದ. ಅವರ ಮಾತನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದ.

"ಈ ಡ್ಯಾಕಿನ ಸದ್ದು ಬೆಚ್ಚಗೈತಂತೆ ಅಕ್ಕಯ್ಯ. ಅದ್ರದ್ದು ಒಳ್ಳೇ ಗಾಳಿ ಆಡ್ತದಂತೆ."

"ಬೆಚ್ಚಗೂ ಇರ್ಬೇಕು, ಗಾಳಿನೂ ಆಡ್ಬೇಕು ಅಂದ್ರೆ ನೀನು ಹುಡುಕ್ತಿರೋದು ದನದ ಕೊಟ್ಟಿಗೆ ಕಣೋ."

"ನಿಂಗೆ ಹೇಳಿ ಪ್ರಯೋಜ್ನ ಇಲ್ಲ."

"ಹಂಗಾದ್ರೆ ಯಾಕೆ ಹೇಳ್ತೀಯ? ಕಾಫಿ ಕುಡ್ದು ನಡಿ."

ಬೆಂಗಳೂರಿನ ಒಂದು ಅಂಗಡಿಯಿಂದ ಮೊದಲನೆಯ ಡಬ್ಬಿ ಕೊರಿಯರಿನಲ್ಲಿ ಬಂತು. ಊಟದ ಡಬ್ಬಿಗಿಂತ ಸಣ್ಣದು. ಮುಂದೆ ಒಂದು ತಿರುಗಣೆ, ಒಂದು ನೀಲಿ ದೀಪ. ಹಿಂದೆ ನಾಲ್ಕಾರು ತೂತು. ಬೆಲೆ ಕೇಳಿದೆ. ಹೇಳಿದ. ಕೇಳಬಾರದಿತ್ತು.

ಈಗ ನಿಮಗೆ ಕೊಬ್ಬರಿಯವರ ಒಂದು ಅಭ್ಯಾಸ ಹೇಳಬೇಕು. ನಮ್ಮ ಕಡೆ ಕಾಯಿಯನ್ನು ಒಡೆಯದೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಉಂಡೆಯಾಗಿ ಚಿಪ್ಪಿನಿಂದ ಕಳಚಿಕೊಳ್ಳುತ್ತದೆ. ಹದವಾಗಿದೆಯೋ ಇಲ್ಲವೋ ಎಂದು ನೋಡುವುದು ಹೇಗೆ? ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಒಳಗೆ ಗುಡುಗುಡು ಎಂದರೆ ಸರಕು ಚೆನ್ನಾಗಿದೆ ಎಂದರ್ಥ. ನನ್ನ ತಮ್ಮ ಜೀವಮಾನವಿಡೀ ಮಾಡಿದ್ದು ಇದನ್ನೇ. ಡ್ಯಾಕ್ ಕೈಗೆ ಬಂದಾಗ ಏನು ಮಾಡಿದ ಎನ್ನುತ್ತೀರಿ? ಕಿವಿಯ ಹತ್ತಿರ ಹಿಡಿದು ಚೆನ್ನಾಗಿ ಅಲ್ಲಾಡಿಸಿದ!

ಮೊದಲು ಏನೂ ಸದ್ದಿಲ್ಲ. ಸಮಾಧಾನವಾಗದೆ ಇನ್ನೂ ಜೋರಾಗಿ ಅಲ್ಲಾಡಿಸಿದ. ಆಗ ಒಳಗೆ ಏನೋ ಟಣ್ ಎಂದು ಕಳಚಿಕೊಂಡು ಗುಡುಗುಡು ಉರುಳಿತು. ಒಂದು ಗಳಿಗೆ ಅವನ ಮುಖ ಸಂತೋಷದಿಂದ ಅರಳಿತು. ಆಮೇಲೆ ಜ್ಞಾನೋದಯವಾಯಿತು. ಅಂಗಡಿಯವನಿಗೆ ಫೋನು ಮಾಡಿದ. ಸ್ಪೀಕರಿಗೆ ಹಾಕಿದ್ದರಿಂದ ನನಗೂ ಕೇಳಿಸಿತು.

"ಸಾರ್, ನೀವು ಯಾಕೆ ಅಲ್ಲಾಡಿಸಿದ್ರಿ?"

"ಅಲ್ಲಾಡಿಸ್ದೆ ಸರಕು ತಗಳಕ್ಕೆ ಆಗ್ತದೇನ್ರೀ?"

ಆ ಹುಡುಗನಿಗೆ ಕೆಲಸ ಬಿಡುವ ಯೋಚನೆ ಬಂದಿರಬೇಕು. ಕೊನೆಗೆ ರಿಪೇರಿ ಮಾಡಿಸಿ ಕೊಡಲು ಒಪ್ಪಿದ. ಜೊತೆಗೆ ಇನ್ನೆರಡು ಬೇರೆ ಡ್ಯಾಕ್‌ಗಳನ್ನೂ ಕಳಿಸುತ್ತೇನೆ, ಕೇಳಿ ನೋಡಿ ಬೇಡದ್ದನ್ನು ವಾಪಸ್ ಮಾಡಿ ಎಂದ. ಕೈಮುಗಿಯುವವನ ದನಿಯಲ್ಲಿ ಒಂದು ಮಾತು ಸೇರಿಸಿದ: "ಅಲ್ಲಾಡಿಸ್ಬೇಡಿ ಸಾರ್."

ಮೂರು ಡಬ್ಬಿಯೂ ಬಂದ ಮೇಲೆ ಮನೆಯಲ್ಲಿ ಸೂತಕದಂಥ ಮೌನ ಜಾರಿಗೆ ಬಂತು. ಮಿಕ್ಸಿ ಹಾಕುವಂತಿಲ್ಲ, ಕರೆಂಟು ಗಲೀಜಾಗುತ್ತದಂತೆ! ಫ್ರಿಜ್ಜು ಆರಿಸಬೇಕು, ಅದು ಗುಂಯ್ ಎನ್ನುತ್ತದಂತೆ! ಹಾಲು ಒಡೆಯಿತು, ಹೂವಿನ ದಂಡೆ ಬಾಡಿತು, ಚಟ್ನಿ ಒರಳಿಗೆ ಹೋಯಿತು. ಇಷ್ಟೆಲ್ಲ ಮಾಡಿದವನು ಮನೆ ಕಟ್ಟಿರುವುದು ಎಲ್ಲಿ? ಅರಸೀಕೆರೆ ಜಂಕ್ಷನ್ನಿನ ಹಿಂದೆ! ಒಂದು ಹಾಡು ಚರಣಕ್ಕೆ ಬರುವುದರೊಳಗೆ ಒಂದು ಗೂಡ್ಸು ಗಾಡಿ ಬರುತ್ತದೆ. ಗಾಡಿ ಬಂದಾಗಲೆಲ್ಲ ಹಾಡು ನಿಲ್ಲಿಸಿ, ಮಾಲುಡಬ್ಬಿಗಳು ಮುಗಿಯುವ ತನಕ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದ.

ಎಷ್ಟು ಕೇಳಿದರೂ ಯಾವುದು ಒಳ್ಳೆಯದು ಎಂದು ತೀರ್ಮಾನವಾಗಲಿಲ್ಲ. ಆಗ ಅವನಿಗೆ ಹೊಸದೊಂದು ಹೊಳೆಯಿತು. "ಅಸಲಿ ಸದ್ದು ಹೆಂಗಿರ್ತದೆ ಅಂತ ಮೊದ್ಲು ಕೇಳ್ಬೇಕು ಅಕ್ಕಯ್ಯ. ಆಮೇಲೆ ಡಬ್ಬಿಯ ಸದ್ದನ್ನ ಅದರ ಪಕ್ಕ ಇಟ್ಟು ನೋಡ್ಬೇಕು. ಬೇಲೂರಿಗೆ ಹೋಗಣ, ನಡಿ."

ಹೆಂಡತಿಯನ್ನೂ ನನ್ನನ್ನೂ ಬಸ್ಸಿಗೆ ಹತ್ತಿಸಿದ. ದಾರಿಯಲ್ಲಿ ಸಿಗುವ ಹಳೇಬೀಡಿನಲ್ಲಿ ಇಳಿಸಿ ಗುಡಿಯ ಗೋಡೆಯ ಮುಂದೆ ನಿಲ್ಲಿಸಿದ. ಅಲ್ಲಿ ಕಲ್ಲಿನಲ್ಲಿ ಒಬ್ಬ ಮದ್ದಳೆ ಬಾರಿಸುತ್ತಿದ್ದಾನೆ. "ನೋಡು, ಬೆರಳು ಎಷ್ಟು ಬಿಗಿಯಾಗಿ ಬಿದ್ದೈತೆ! ಈ ಪೆಟ್ಟು ಕೇಳಿಸ್ಬೇಕು ನಂಗೆ!"

"ಕಲ್ಲಿನ ಮದ್ದಳೆ ನಂಗೂ ಕೇಳಿಸ್ತಿಲ್ಲ ಕಣೋ. ನಂಗೂ ಒಂದು ಡ್ಯಾಕು ತರ್ಸು," ಎಂದೆ. ಪಕ್ಕದಲ್ಲಿದ್ದ ಪ್ರವಾಸಿಗಳು ನಕ್ಕರು. ಇವನು ನಗಲಿಲ್ಲ.

ಬೇಲೂರು ಸೇರಿದಾಗ ಸಂಜೆ ದೀಪದ ಹೊತ್ತು. ಪೇಟೆ ಬೀದಿಯ ಒಂದು ಸಣ್ಣ ಗುಡಿಯೊಳಗಿಂದ ನಗಾರಿ, ಜಾಗಟೆ, ಗಂಟೆ ಎಲ್ಲ ಒಟ್ಟಿಗೆ ಕೇಳಿಸಿತು. "ಇದು! ಇದು ಅಸಲಿ ಸದ್ದು!" ಎಂದು ಓಡಿದ. ಹೋಗಿ ನೋಡಿದರೆ ಬಾರಿಸುವ ಮನುಷ್ಯನೇ ಇಲ್ಲ! ಮೂಲೆಯಲ್ಲಿ ಒಂದು ಕಬ್ಬಿಣದ ಚೌಕಟ್ಟು, ಅದಕ್ಕೊಂದು ಮೋಟಾರು. ಗುಂಡಿ ಒತ್ತಿದರೆ ಕೋಲು ತಾನೇ ನಗಾರಿಗೆ ಬಡಿಯುತ್ತದೆ, ಗಂಟೆ ತಾನೇ ಹೊಡೆದುಕೊಳ್ಳುತ್ತದೆ. ಆ ಸಣ್ಣ ಜಾಗದಲ್ಲಿ ಆ ಸದ್ದಿಗೆ ನನ್ನ ಹಲ್ಲೆಲ್ಲ ಅದುರಿತು. ಬಂದವರೆಲ್ಲ ಒಂದು ಕೈಯಲ್ಲಿ ಆರತಿ ತೆಗೆದುಕೊಂಡು ಇನ್ನೊಂದು ಕೈಯಲ್ಲಿ ಕಿವಿ ಮುಚ್ಚಿಕೊಂಡಿದ್ದರು.

ತಮ್ಮನ ಹೆಂಡತಿ ಆ ಯಂತ್ರದ ಪಕ್ಕದಲ್ಲೇ ನಿಂತಿದ್ದಳು. ಮುಖ ಅರಳಿತ್ತು. "ಎಷ್ಟು ಚೆನ್ನಾಗಿ ಕೇಳಿಸ್ತದೆ ರೀ!" ಎಂದಳು.

ಇವನು ನನ್ನ ಕಡೆ ತಿರುಗಿ ಗೆದ್ದ ಪೈಲ್ವಾನನ ಹಾಗೆ ಎದೆ ಉಬ್ಬಿಸಿದ. "ಕೇಳಿದ್ಯಾ ಅಕ್ಕಯ್ಯ? ಕಿವಿ ಸರಿಯಿಲ್ಲ ಅಂದ್ಯಲ್ಲ! ಎಲ್ಲೈತೆ ತಪ್ಪು? ನಮ್ಮನೆ ಪೆಟ್ಟಿಗೆಯಲ್ಲೈತೆ!"

"ಆ ಸದ್ದು ಚಿಕ್ಕಮಗಳೂರಿಗೂ ಕೇಳಿಸಿರ್ತದೆ ಕಣೋ," ಎಂದೆ. ಅವನು ಆಗಲೇ ಬಸ್‌ಸ್ಟ್ಯಾಂಡಿನ ಕಡೆಗೆ ದಾಪುಗಾಲು ಹಾಕುತ್ತಿದ್ದ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಕೂತಿದ್ದಳು. ನಾನು ಏನು ಮಾತಾಡಿದರೂ ನನ್ನ ತುಟಿಯನ್ನೇ ನೋಡುತ್ತಿದ್ದಳು. ಜಾವಗಲ್ ದಾಟುವಾಗ ಬಸ್ಸಿನ ಒಳಗಿನ ದೀಪ ಆರಿಸಿದರು, ಅಲ್ಲಿಂದ ಮುಂದಕ್ಕೆ ಅವಳು ಒಂದು ಮಾತಿಗೂ ಉತ್ತರ ಕೊಡಲಿಲ್ಲ.

ಭಾನುವಾರ ಅಂತಿಮ ಪರೀಕ್ಷೆ ಏರ್ಪಾಡಾಯಿತು. ಕೇಳುಗರು ನಾಲ್ವರು: ನಾನು, ನನ್ನ ಸೊಸೆ, ಪಕ್ಕದ ಮನೆಯ ರಿಟೈರಾದ ರೈಲ್ವೆ ಗಾರ್ಡು, ಮತ್ತು ತಮ್ಮನ ಹೆಂಡತಿ. ನನ್ನ ಹಳೇ ಸೀರೆಯೊಂದನ್ನು ಅಡ್ಡ ಕಟ್ಟಿ ಅದರ ಹಿಂದೆ ಮೂರು ಡ್ಯಾಕ್‌ಗಳನ್ನೂ ಇಟ್ಟಿದ್ದ. ಒಂದೇ ಹಾಡನ್ನು ಒಂದು, ಎರಡು, ಮೂರು ಎಂದು ಮೂರರಲ್ಲೂ ಹಾಕುತ್ತಾನೆ. ಯಾವುದು ಚೆನ್ನಾಗಿದೆ ಎಂದು ನಾವು ಹೇಳಬೇಕು. ಆದರೆ ಬಾಯಿಬಿಟ್ಟು ಹೇಳುವಂತಿಲ್ಲ.

"ಬಾಯಲ್ಲಿ ಹೇಳಿದ್ರೆ ಒಬ್ರು ಹೇಳಿದ್ದನ್ನೇ ಇನ್ನೊಬ್ರು ಹೇಳ್ತೀರಿ. ಇವಳಂತೂ ನಿನ್ನ ಮುಖ ನೋಡ್ಕಂಡೇ ಉತ್ರ ಕೊಡ್ತಾಳೆ," ಎಂದ. ಹೆಗಲ ಮೇಲಿನ ಟವಲ್ಲು ತೆಗೆದ. "ದನದ ವ್ಯಾಪಾರದ ಥರ ಮಾಡಣ."

ದನದ ಜಾತ್ರೆ ಕಂಡವರಿಗೆ ಇದು ಗೊತ್ತು. ಕೊಳ್ಳುವವನೂ ದಲ್ಲಾಳಿಯೂ ಟವಲ್ಲಿನ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ಬೆಲೆ ಹೇಳಿಕೊಳ್ಳುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಆ ಬೆಲೆ ಆ ಎರಡು ಕೈಗಳಿಗೆ ಮಾತ್ರ ಗೊತ್ತು. ನಮ್ಮಪ್ಪ ಎತ್ತು ಕೊಳ್ಳುತ್ತಿದ್ದದ್ದು ಹೀಗೆ. ಅವರ ಮಗ ಡ್ಯಾಕ್ ಕೊಳ್ಳಲು ಹೊರಟದ್ದೂ ಹೀಗೆ! ಒಂದನೆಯ ಡಬ್ಬಿ ಚೆನ್ನಾಗಿದ್ದರೆ ಅವನ ಒಂದು ಬೆರಳು ಹಿಡಿಯಬೇಕು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು.

ಹಾಡು ಮುಗಿಯಿತು. ಟವಲ್ಲು ಬಂತು. ಗಾರ್ಡು ಮೊದಲನೆಯ ಡಬ್ಬಿಗೇ ನಿದ್ದೆ ಹೋಗಿದ್ದವರು ಎಚ್ಚೆತ್ತು ಒಂದು ಬೆರಳು ಹಿಡಿದರು. ಸೊಸೆಗೆ ಒಲೆಯ ಮೇಲೆ ಮುದ್ದೆಗೆ ಎಸರಿಟ್ಟು ಬಂದ ಚಿಂತೆ. ಸಿಕ್ಕ ಎರಡು ಬೆರಳು ಹಿಡಿದು ಬಿಟ್ಟಳು. ನನಗೆ ಮೂರೂ ಒಂದೇ. ಆದರೆ ಅವರಿಬ್ಬರೂ ಯಾವುದನ್ನು ಹಿಡಿದರೆಂದು ಅವರ ಮುಖ ನೋಡಿಯೇ ಗೊತ್ತಾಗಿತ್ತು, ಬೇಕೆಂದೇ ಮೂರು ಹಿಡಿದೆ. ಕಟ್ಟಿಕೊಂಡವಳಲ್ಲವೇ, ತೀರ್ಪು ಅವಳೇ ಕೊಡಲಿ!

ಅವಳು ಟವಲ್ಲಿನೊಳಗೆ ಕೈ ಹಾಕಲಿಲ್ಲ. "ಇನ್ನೊಂದ್ಸಲ ಹಾಕ್ರಿ," ಎಂದಳು.

ಅವನಿಗೆ ಬೇಸರವಾಗಲಿಲ್ಲ, ಉತ್ಸಾಹವೇ ಬಂತು. ಅವಳಿಗೆ ಬಾಯಿಪಾಠವಿದ್ದ ಒಂದು ಹಳೇ ಹಾಡು ಹುಡುಕಿ ಹಾಕಿದ. ಅವಳು ಕಣ್ಣು ಮುಚ್ಚಿಕೊಂಡಳು. ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ತಲೆದೂಗುತ್ತಿದ್ದಳು. ಒಂದನೆಯದಕ್ಕೆ ತಲೆದೂಗಿದಳು, ಎರಡನೆಯದಕ್ಕೆ ತಲೆದೂಗಿದಳು. ಮೂರನೆಯ ಡಬ್ಬಿಯಲ್ಲಿ ಹಾಡು ಅರ್ಧಕ್ಕೆ ಬಂದಿತ್ತು, ಕರೆಂಟು ಹೋಯಿತು.

ಹಾಡು ನಿಂತಿತು. ಫ್ಯಾನು ನಿಂತಿತು. ಮನೆಯೊಳಗೆ ಒಂದು ಚೂರೂ ಸದ್ದಿಲ್ಲ.

ಅವಳು ತಲೆದೂಗುತ್ತಲೇ ಇದ್ದಳು.

ಬೆರಳು ತೊಡೆಯ ಮೇಲೆ ಬೀಳುತ್ತಲೇ ಇತ್ತು. ಚರಣ ಮುಗಿದು ಪಲ್ಲವಿಗೆ ಬಂದಿರಬೇಕು, ತುಟಿಯಲ್ಲಿ ಸಣ್ಣ ನಗೆ ಬಂತು. ನನ್ನ ಸೊಸೆ ಏನೋ ಹೇಳಲು ಬಾಯಿ ತೆರೆದಳು. ನಾನು ಅವಳ ಕೈ ಜಿಗುಟಿದೆ. ಗಾರ್ಡು ನೆಲ ನೋಡುತ್ತಾ ಕೂತರು. ನನ್ನ ತಮ್ಮ ಸೀರೆಯ ಪಕ್ಕದಲ್ಲಿ ನಿಂತಿದ್ದ. ಅವನ ಮುಖವನ್ನು ಅವನು ಹುಟ್ಟಿದಾಗಿನಿಂದ ನಾನು ನೋಡಿದ್ದೇನೆ, ಹಾಗೆ ಆದದ್ದನ್ನು ನೋಡಿರಲಿಲ್ಲ.

ಅವಳ ಹಾಡು ಮುಗಿದಾಗ ಕಣ್ಣು ತೆರೆದಳು. ನಿಂತ ಫ್ಯಾನು ನೋಡಿದಳು. ನಮ್ಮ ಮುಖಗಳನ್ನು ನೋಡಿದಳು. ಆರಿದ್ದ ದೀಪ ನೋಡಿದಳು. ತಿಳಿಯಿತು.

ಅವನು ಏನೂ ಆಗಿಲ್ಲವೆಂಬಂತೆ ಟವಲ್ಲು ಹಿಡಿದುಕೊಂಡು ಅವಳ ಮುಂದೆ ಹೋಗಿ ಕೂತ. ಕೈ ಒಳಗೆ ಹಾಕಿದಳು. ಒಂದು ಬೆರಳು ಹಿಡಿಯಲಿಲ್ಲ, ಎರಡು ಹಿಡಿಯಲಿಲ್ಲ. ಟವಲ್ಲಿನ ಕೆಳಗೆ ಏನಾಯಿತು ಎನ್ನುವುದು ಆ ಎರಡು ಕೈಗಳಿಗೆ ಗೊತ್ತು. ಆದರೆ ಬಟ್ಟೆಯ ಮೇಲಿನಿಂದ ನನಗೆ ಕಂಡದ್ದು ಇಷ್ಟು: ಅವನ ಇಡೀ ಕೈಯನ್ನು ಹಿಡಿದುಕೊಂಡಿದ್ದಳು, ಬಿಡಲಿಲ್ಲ.

"ಪೆಟ್ಟಿಗೆಗಳದ್ದೇನೂ ತಪ್ಪಿಲ್ಲ ರೀ," ಎಂದಳು.

ಯಾವ ಡ್ಯಾಕ್ ಗೆದ್ದಿತು ಎಂದು ಕೇಳುತ್ತೀರೇನೋ. ಮೂರನ್ನೂ ಪೆಟ್ಟಿಗೆಗೆ ತುಂಬಿ ವಾಪಸ್ ಕಳಿಸಿದ. ಆ ವಾರವೇ ಹಾಸನಕ್ಕೆ ಹೋದೆವು. ನನ್ನನ್ನು ಯಾರೂ ಕರೆಯಲಿಲ್ಲ, ನಾನೇ ಹೋದೆ. ಕಿವಿ ನೋಡುವವಳು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಎರಡು ಕಿವಿಗೂ ಮಿಷಿನ್ ಹಾಕಬೇಕು ಎಂದಳು. ಹುಣಿಸೇಬೀಜದಷ್ಟು ಸಣ್ಣದೊಂದನ್ನು ಅಂಗೈಲಿಟ್ಟು ತೋರಿಸಿದಳು. ಹೊರಗಿನ ಮಾತನ್ನು ಅದು ಅಂಕಿ ಮಾಡಿ, ತಿದ್ದಿ, ಮತ್ತೆ ಸದ್ದು ಮಾಡಿ ಕಿವಿಗೆ ಕೊಡುತ್ತದಂತೆ.

ನನ್ನ ತಮ್ಮ ನೆಟ್ಟಗಾದ. "ಅಂದ್ರೆ ಇದ್ರೊಳಗೂ ಡ್ಯಾಕ್ ಐತೆ?"

"ಇದೆ ಸಾರ್."

ಶುರುವಾಯಿತು ನೋಡಿ! ಯಾವ ಕಂಪನಿಯದು, ಸದ್ದು ಬೆಚ್ಚಗಿರ್ತದಾ, ಇನ್ನೊಂದು ಥರದ್ದು ಇದ್ರೆ ಅದನ್ನೂ ತೋರ್ಸಿ, ಪಕ್ಕಪಕ್ಕ ಇಟ್ಟು ನೋಡಣ! ಆ ಹುಡುಗಿ ತಾಳ್ಮೆಯವಳು. "ಹಾಕ್ಕೊಳ್ಳೋರು ಅವ್ರು ಸಾರ್. ಅವ್ರೇ ಆರಿಸ್ಲಿ," ಎಂದಳು. ತಮ್ಮನ ಹೆಂಡತಿ ಎರಡು ಥರದ್ದು ಹಾಕಿ ನೋಡಿ, ಇದೇ ಸಾಕು ಎಂದು ಒಂದು ನಿಮಿಷದಲ್ಲಿ ಆರಿಸಿಬಿಟ್ಟಳು!

ಆಮೇಲೆ ಆ ಹುಡುಗಿ ಅವಳನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದಳು. ಇವನನ್ನು ಹಿಂದೆ, ಬಾಗಿಲ ಹತ್ತಿರ ನಿಲ್ಲಿಸಿದಳು. "ಈಗ ತುಟಿ ಕಾಣಿಸಲ್ಲ. ನೀವು ಸಣ್ಣ ದನಿಯಲ್ಲಿ ಏನಾದ್ರೂ ಮಾತಾಡಿ ಸಾರ್. ಜೋರಾಗಿ ಬೇಡ."

ಎರಡು ವರ್ಷದಿಂದ ಒಂದೇ ಸಮ ಮಾತಾಡಿದ ಮನುಷ್ಯ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ನನಗೇ ಕಷ್ಟಪಟ್ಟು ಕೇಳಿಸುವಷ್ಟು ಮೆಲ್ಲಗೆ ಹೇಳಿದ:

"ಹೆದ್ರಿಕೊಂಡಿದ್ದೆ ಕಣೇ ನಾನು."

ಅವಳು ತಿರುಗಲಿಲ್ಲ. ಗೋಡೆಯನ್ನೇ ನೋಡುತ್ತಾ ಹೇಳಿದಳು.

"ನಾನೂವೆ."